ಮೊದಲು ಪುಸ್ತಕ

ಯಾವುದೂ ಒಡೆಯಲಿಲ್ಲ. ಅದೇ ಕಷ್ಟ.
ಕೆಂಪು ಅಕ್ಷರ ಇಲ್ಲ, ಫ್ಯಾನಿನ ಏದುಸಿರಿಲ್ಲ;
ಇಲ್ಲದ ಯಂತ್ರದೊಳಗಿನ ಇಲ್ಲದ ಡಿಸ್ಕು
ಬೆಳಗಿನ ಜಾವ ಮೂರೂ ಹತ್ತಕ್ಕೆ
ಬರೆಯುತ್ತ ಬರೆಯುತ್ತ ಸುಮ್ಮನಾಯಿತು.

ಇಣುಕಿದೆ: ಎರಡು ಎಳೆ.
ಒಂದು ಡಿಸ್ಕಿನ ಬೀಗ ಹಿಡಿದು ನಕ್ಷೆಯ ಬೀಗಕ್ಕೆ ಕಾದಿದೆ,
ಇನ್ನೊಂದು ನಕ್ಷೆಯದನ್ನು ಹಿಡಿದು ಡಿಸ್ಕಿನದಕ್ಕೆ.
ಸುಳ್ಳು ಹೇಳಿಲ್ಲ, ಕದ್ದಿಲ್ಲ,
ಕೊಟ್ಟ ಮಾತಿಗೆ ನಿಂತಿವೆ, ನಿಂತೇ ಇವೆ.
ಕೊಂದು ಎಬ್ಬಿಸಿದರೆ ಸಾವಿರ ಸಲ ನೆಟ್ಟಗೆ ಓಡುತ್ತದೆ.
ಸಾವಿರದೊಂದನೆಯ ಸಲ
ಯಾವುದೋ ಆಸ್ಪತ್ರೆಯ ಲೆಕ್ಕ ಅರ್ಧಕ್ಕೆ.

ನನ್ನ ಕೋಣೆಯ ಕೆಳಗೆ ಉಪ್ಪಳದ ಸಹಕಾರಿ ಸಂಘ.
ಹತ್ತೂವರೆಗೆ ಚಾ ಕುಡಿಯಲು ಇಳಿದರೆ
ಅಲ್ಲೂ ಅದೇ ಮೌನ.
ಕ್ಯಾಶಿಯರ್ ಗ್ರೆಟ್ಟಾ ಮೊಂತೇರೊ ಕೈಯಲ್ಲಿ ಭದ್ರಕೋಣೆಯ ಕೀಲಿ:
"ಬರೆಯದೆ ತೆಗೆಯುವ ಕ್ರಮ ಇಲ್ಲ, ಪುಸ್ತಕ ಬರಲಿ."
ಗುಮಾಸ್ತ ಐತಪ್ಪರ ಕಂಕುಳಲ್ಲಿ ಪುಸ್ತಕ:
"ಒಳಗಿನ ಪೊಟ್ಟಣ ಎಣಿಸದೆ ಬಿಡುವ ಕ್ರಮ ಇಲ್ಲ, ಕೀಲಿ ಬರಲಿ."
ಇಬ್ಬರದ್ದೂ ಸರಿ. ಇಬ್ಬರದ್ದೂ ಸುತ್ತೋಲೆಯಲ್ಲಿ ಉಂಟು,
ಮಲಯಾಳದಲ್ಲಿ.

ಬೆಂಚಿನಲ್ಲಿ ಬಂದ್ಯೋಡಿನ ಬೀಪಾತುಮ್ಮ,
ಅಡವಿಟ್ಟ ನಾಲ್ಕು ಬಳೆ ಬಿಡಿಸಲು ಬಂದವರು,
ಮಡಿಲಲ್ಲಿ ನೋಟಿನ ಚೀಲ,
ಮಧ್ಯಾಹ್ನಕ್ಕೆ ಮೊಮ್ಮಗಳ ನಿಶ್ಚಯ.
ಗೋಡೆಯ ಗಡಿಯಾರವೊಂದೇ ಕೆಲಸ ಮಾಡುತ್ತಿತ್ತು.
ಅದನ್ನೊಮ್ಮೆ ನೋಡಿ ಎದ್ದರು:

"ಎಂತ ಮಾರಾಯ್ರೆ, ಇಬ್ಬರೂ ಒಳ್ಳೆಯವರೇ.
ಯಾರೇ ಆಗಲಿ, ಮೊದಲು ಪುಸ್ತಕ, ಆಮೇಲೆ ಕೀಲಿ.
ಪುಸ್ತಕ ಇಲ್ಲದವರು ಕೀಲಿ ಮುಟ್ಟುವುದೇ ಬೇಡ."

ಗ್ರೆಟ್ಟಾ ಸ್ವಲ್ಪ ಹೊತ್ತು ಕಿಟಕಿ ನೋಡಿದರು.
ಮತ್ತೆ ಕೀಲಿಯನ್ನು ಮೇಜಿನ ಮೇಲಿಟ್ಟರು.

ಚಾ ಮರೆತು ಮೆಟ್ಟಿಲು ಹತ್ತುವಾಗ
ಹಿಂದಿನಿಂದ ಬಳೆ ಎಣಿಸುವ ಸದ್ದು.

ಹದಿನೇಳು ಕಡೆ ತಿದ್ದಬೇಕಿತ್ತು.
ನಕ್ಷೆ ಮೊದಲು, ಡಿಸ್ಕು ಆಮೇಲೆ;
ಬಿಡುವಾಗ ಯಾವುದನ್ನು ಮೊದಲು ಬಿಟ್ಟರೂ ಅಡ್ಡಿಯಿಲ್ಲ.
ಬೀಗ ಹಿಡಿದುಕೊಂಡು ಹೊರಗಿನವರನ್ನು ಕೂಗುವುದೂ ಬೇಡ,
ಅವರ ಮುಷ್ಟಿಯಲ್ಲಿ ಏನುಂಟೋ.
ಹದಿನಾರು, ಬೇರೆ ಯಾರೋ ಬರೆದದ್ದು, ಸಂಜೆಯೊಳಗೆ ಮುಗಿಯಿತು.
ಹದಿನೇಳನೆಯದು ನನ್ನದೇ.
ಆ ದಿನ ಎಷ್ಟು ಅವಸರದಲ್ಲಿದ್ದೆನೋ,
ಕೀಲಿ ಹಿಡಿದೇ ಪುಸ್ತಕ ಹುಡುಕಿದ್ದೆ.
ಅದಕ್ಕೆ ಎರಡು ದಿನ ಬೇಕಾಯಿತು.

ಮೇಲೊಂದು ಸಾಲು ಟಿಪ್ಪಣಿ ಹಾಕಿದೆ, ಕನ್ನಡದಲ್ಲೇ.
ಪರಿಶೀಲಿಸುವ ಕಾಮೇಶ್ವರಿ ಹೈದರಾಬಾದಿನವಳು, ಕೇಳಿದಳು:
"ಅಕ್ಷರ ಹೇಗೋ ಓದಿಕೊಂಡೆ. ಯಾವ ಪುಸ್ತಕ?"

"ಉಪ್ಪಳದ್ದು" ಎಂದೆ. "ನೀನು ಸಹಿ ಹಾಕು."