ಶೀತ ಹತ್ತುತ್ತದೆ

ಕಡತ ಬಿಡಿಸುತ್ತೇನೆ.
ಹುಣಸೆಬೀಜದ ಅಂಟು, ಇದ್ದಿಲ ಕಪ್ಪು ಬಳಿದ ಬಟ್ಟೆ;
ಮಡಿಕೆ ಮಡಿಕೆಗೂ ಬಳಪದ ಬಿಳಿ.
ಅಕ್ಕಲಕೋಟೆ ಸೀಮೆ, ಬೋರಿ ಹೊಳೆಯ ದಂಡೆ,
ಸ್ವಾತಿ ಮಳೆ ಬಿದ್ದ ಮಂಗಳವಾರ ರಾತ್ರಿ:
ಇಷ್ಟು ನನ್ನ ಕೈಯ ಬರಹ. ಇದರಲ್ಲಿ ಸುಳ್ಳಿಲ್ಲ.

ದೇಸಗತಿ ಒಂದು, ಒಡಹುಟ್ಟಿದವರು ಇಬ್ಬರು.
ರಾಯಗೊಂಡನಿಗೆ ವಾಡೆ ಬೇಕು, ಬಾಳಗೊಂಡನಿಗೆ ಶಿಕ್ಕಾ.
ಅವ್ವ ಎರಡೂ ಡೇರೆಗೆ ಒಂದೇ ಒಲೆಯ ರೊಟ್ಟಿ ಕಳಿಸುತ್ತಿದ್ದಳು,
ಕಟ್ಟಿದ ಬಟ್ಟೆ ಮಾತ್ರ ಬೇರೆ.

ನೆಲದ ಮೇಲೆ ಜೋಳ ಸುರಿದು ಹೊಳೆ ಮಾಡಿದ್ದರು,
ಅಡಕೊತ್ತು ಇಟ್ಟು ತೋಪು.
ಗೋಲಂದಾಜ ದಾವಲಸಾಬ ಕೆಸರುಗಾಲಲ್ಲೇ ಬಂದು ಅಂದ:
"ಧಣೀ, ಇದು ಎರಿ ನೆಲ. ತೊಯ್ದರ ಬಿಡೂದಿಲ್ಲ.
ಹದಿನಾರು ಎತ್ತು ಹೂಡಿದ್ರೂ ಗಾಲಿ ಏಳಂಗಿಲ್ಲ.
ಎರಡು ಬಿಸಲು ಬೀಳಲಿ."
ರಾಯಗೊಂಡ ನಕ್ಕ:
"ನನ್ನ ತಮ್ಮ ನನಗ ಗೊತ್ತಿಲ್ಲೇನು?
ಬಿಸಿ ರೊಟ್ಟಿ ಕೈಗೆ ಬರೂತನಕಾ ಹಾಸಿಗಿ ಬಿಟ್ಟವನಲ್ಲ ಅಂವ.
ನಸುಕಿಗೆ ದಾಟೂಣು."
ಬರೆದೆ: ನಸುಕಿಗೆ ದಾಟುವುದು.

ಆಚೆ ದಂಡೆಯಲ್ಲಿ ಅದೇ ಹೊತ್ತಿಗೆ ಬಾಳಗೊಂಡ ಅಂದನಂತೆ,
ಇದು ಆಮೇಲೆ ಕೇಳಿದ್ದು:
"ಅಣ್ಣಗ ಕಾಯೂದು ಬರೂದಿಲ್ಲ.
ಒಂದು ಮಾವಿನಕಾಯಿ ಹಣ್ಣಾಗಾಕ ಬಿಟ್ಟಾನೇನು?
ಬರಲಿ. ತೊಗರಿ ಆಳೆತ್ತರ ಅದ."
ಹೂಬಿಟ್ಟ ತೊಗರಿಯಲ್ಲಿ ಕುಕ್ಕರಗಾಲಲ್ಲಿ ಮುನ್ನೂರು ಬಂದೂಕು.
ಕೆಮ್ಮಲಿಕ್ಕೂ ಅಪ್ಪಣೆಯಿಲ್ಲ.

ಒಬ್ಬರನ್ನೊಬ್ಬರು ಇಷ್ಟು ಬಲ್ಲವರು ಕಾದಾಟಕ್ಕೆ ನಿಂತರೆ
ಬೇಹಿನವರಿಗೇನು ಕೆಲಸ?

ಆದರೂ ಎರಡನೆಯ ಜಾವಕ್ಕೆ
ಅಗಸರ ಹುಡುಗನೊಬ್ಬ ಹೊಳೆ ಈಸಿ ಬಂದ,
ಬಾಯಲ್ಲಿ ಮೇಣ ಸುತ್ತಿದ ಚೀಟಿ.
ಅಕ್ಷರ ನೋಡಿದೊಡನೆ ಗುರುತು: ಗುಂಡೋಪಂತ,
ಆ ಕಡೆಯ ಲೆಕ್ಕದವ, ನನ್ನ ತಂಗಿಯ ಗಂಡ.
ರಕಾರದ ಬಾಲ ಎಳೆಯುವ ಚಟ ಇನ್ನೂ ಬಿಟ್ಟಿರಲಿಲ್ಲ.
"ನಾಳೆ ತೊಗರಿ ಹೊಲದ ಕಡೆ ಬರಬೇಡಿ.
ಇಬ್ಬನಿ ಬಹಳ. ಶೀತ ಹತ್ತುತ್ತದೆ."

ಸಾಕಿತ್ತು ಅಷ್ಟು.
ಧಣಿಯ ಡೇರೆ ಹತ್ತು ಮಾರು. ದೀಪ ಇನ್ನೂ ಉರಿಯುತ್ತಿತ್ತು.
ಹೇಳಿದರೆ, ದಂಡು ಮೇಲಿನ ಹಾಯ್ಗಡದಲ್ಲಿ ದಾಟುತ್ತದೆ;
ಗುಟ್ಟು ಹೊರಬಿದ್ದದ್ದು ಹೇಗೆಂದು ಬಾಳಗೊಂಡ ಹುಡುಕುತ್ತಾನೆ,
ಆ ಬಾಲ ಹಿಡಿದು ಗುಂಡೋಪಂತನ ಕುತ್ತಿಗೆಗೆ ಬರುತ್ತಾನೆ.
ಹೇಳದಿದ್ದರೆ
ಅದನ್ನು ಆಗ ಪೂರ್ತಿ ಯೋಚಿಸಲಿಲ್ಲ ನಾನು.
ಅವರೆದುರು ಜೋಳದ ಹೊಳೆಯಿತ್ತು.
ನನ್ನೆದುರು ತಂಗಿಯ ಕುಂಕುಮದ ಭರಣಿ, ಮುಚ್ಚಳ ಸಡಿಲಾದದ್ದು.
ಚೀಟಿ ನುಂಗಿದೆ.
ಮೇಣ ಗಂಟಲಲ್ಲಿ ಬೆಳಗಿನತನಕ ನಿಂತಿತು.

ನಸುಕಿಗೆ ತೋಪಿನ ಗಾಲಿ ಅಚ್ಚಿನವರೆಗೆ ಹೂತಿತು.
ತೊಗರಿಯೊಳಗಿಂದ ಮೊದಲ ಸುತ್ತು ಸಿಡಿದಾಗ
ದಾವಲಸಾಬ ಓಡಲಿಲ್ಲ, ನೊಗದ ಹಗ್ಗ ಕೊಯ್ಯುತ್ತಿದ್ದ.
ಐದು ಎತ್ತು ಉಳಿದವು.
ರಾಯಗೊಂಡ ಕುದುರೆಯಿಂದ ಜಾರುವುದನ್ನು ಕಂಡು
ಬಾಳಗೊಂಡ ಬರಿಗೈ ಎತ್ತಿ ನಿಲ್ಲಿಸಿರೆಂದನಂತೆ.
ಕಹಳೆಯವನು ಅಷ್ಟರಲ್ಲಿ ಸತ್ತಿದ್ದ.
ಎತ್ತಿದ ಕೈಯನ್ನು ಹೊಡೆಯಿರೆಂದು ಓದಿಕೊಂಡರು.
ಮದ್ದು ತೀರುವವರೆಗೆ ಹೊಡೆದರು.

ನಾನು ಹಿಂದಿದ್ದೆ, ಸಾಮಾನಿನ ಬಂಡಿಯ ಮಗ್ಗುಲಲ್ಲಿ,
ಕಂಬಳಿ ಹೊದ್ದು.

ಆಳು ನೂರ ನಲವತ್ತೊಂದು. ಎತ್ತು ಹನ್ನೊಂದು.
ಕಾರಣ ಎಂದಲ್ಲಿ 'ಮಣ್ಣು' ಎಂದು ಬರೆದೆ. ಒರೆಸಿದೆ.
'ಧಣಿಯ ಅವಸರ' ಎಂದು ಬರೆದೆ.
ಸತ್ತವನು ಬಂದು ಕೇಳುವುದಿಲ್ಲವಲ್ಲ.
ಅದನ್ನೂ ಒರೆಸಿದೆ.
ಒದ್ದೆ ಬಟ್ಟೆ ತಾಗಿ ತಾಗಿ ಅಲ್ಲಿ ಕಪ್ಪು ಎದ್ದುಹೋಗಿದೆ,
ನೂಲು ಕಾಣುತ್ತದೆ.

ಪಂಚಮಿಗೆ ತಂಗಿ ಬಂದಳು, ಗಂಡನ ಜೊತೆ.
ಪಂಕ್ತಿಯಲ್ಲಿ ಅಕ್ಕಪಕ್ಕ ನಮ್ಮಿಬ್ಬರ ಎಲೆ.
ಬಿಸಿ ತೊಗರಿಬೇಳೆ ಸೌಟಿನಲ್ಲಿ ತಂದು ಬಡಿಸುತ್ತಲೇ ಇದ್ದಳು.
ಗುಂಡೋಪಂತ ಒಮ್ಮೆ ಸೀನಿದ.
ಅನ್ನ ಮುಳುಗಿತು, ಬೇಳೆ ಎಲೆಯ ಅಂಚಿಗೆ ಹರಿಯಿತು.
ಸಾಕು ಅನ್ನಲಿಕ್ಕೆ
ಇಬ್ಬರಿಗೂ ಬಾಯಿ ಬರಲಿಲ್ಲ.