ಪಾಳಿ

ಶನಿವಾರ ರಾತ್ರಿ ರುದ್ರಾಣಿ ಬಂದಳು ಜಮಖಂಡಿಯಿಂದ,
ತಮ್ಮನ ಹಳೇ ಕಾರಿನಲ್ಲಿ, ಒಬ್ಬಳೇ.
ಒಬ್ಬಳೇ ಅಂದರೆ ತಪ್ಪು:
ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು
ಒಂದು ಮುಧೋಳದ ನಾಯಿ, ಬರೀ ಎಲುಬು, ಉದ್ದ ಮೂತಿ,
ಹೆಸರು ಜ್ವಾಳ.
ಬಣ್ಣ ನೋಡಿ ಇಟ್ಟದ್ದು.

ಹನ್ನೊಂದು ವರ್ಷದ ಮೇಲೆ ಬಂದವಳು
ಯಾಕೆ ಬಂದೆ ಅಂತ ಹೇಳಲಿಲ್ಲ.
ನಾನೂ ಕೇಳಲಿಲ್ಲ.
ಖಡಕ್ ರೊಟ್ಟಿಯ ಡಬ್ಬಿ ಕೊಟ್ಟಳು, ಶೇಂಗಾ ಹಿಂಡಿ ಕೊಟ್ಟಳು,
'ಲಾಲ್‌ಬಾಗ್ ನೋಡೂದೈತಿ' ಅಂದಳು.
ಗಾಜಿನ ಮನೆಯಾ?
'ಕಲ್ಲ. ಆ ದೊಡ್ಡ ಕಲ್ಲ ಐತೆಲ್ಲ, ಅದು.'

ಭಾನುವಾರ ಎದ್ದಾಗಲೇ ಮಳೆ.
ಜೋರಿಲ್ಲ; ನಿಲ್ಲುವ ಮನಸ್ಸೂ ಇಲ್ಲ.
ಮೂರು ಆಟೋ ನಾಯಿಯನ್ನು ಕಂಡು
ತಮ್ಮ ಮೀಟರಿನ ಹಾಗೇ ಓಡಿದವು.
ನಾಲ್ಕನೆಯವನು ಇಳಿದು, ಅದರ ತಲೆ ಸವರಿ,
'ಇದಕ್ಕೆ ಅನ್ನ ಹಾಕಲ್ವಾ ಮೇಡಂ?' ಅಂದ.
ಸಿದ್ದಾಪುರದ ಗೇಟಿನವರೆಗೂ
ಈ ತಳಿಯೇ ಹೀಗೆಂದು ಅವನಿಗೆ ಪಾಠ.
ಚಿಲ್ಲರೆ ಕೊಡುವಾಗ ಹೇಳಿದ,
'ಆದ್ರೂ ಒಂದು ಮೊಟ್ಟೆ ಹಾಕಿ.'

ಗೇಟಿನಲ್ಲಿ ಕಾವಲಿನವನು,
ಎದೆಯ ಮೇಲೆ ಹೆಸರು: ಚಿಕ್ಕಹೊನ್ನಯ್ಯ.
ಮಾತಾಡದೆ ಬೋರ್ಡಿಗೆ ಬೆರಳು ತೋರಿಸಿದ.
ಇಪ್ಪತ್ತು ವರ್ಷ ಇದೇ ಊರಲ್ಲಿದ್ದೂ
ನಾಯಿಗೆ ಪ್ರವೇಶವಿಲ್ಲ ಅನ್ನುವುದು
ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.
ನನ್ನ ಕೈಯಲ್ಲಿ ಎಂದೂ ನಾಯಿ ಇರಲಿಲ್ಲ.

ಹಾಗಾಗಿ ಪಾಳಿ.
ಮೊದಲು ಅವಳು.
ಚಪ್ಪಲಿ ಕೈಯಲ್ಲಿ ಹಿಡಿದು, ಕೊಡೆ ನನಗೇ ಬಿಟ್ಟು,
ತಿರುಗಿ ನೋಡದೆ ಹೋದಳು.

ಜ್ವಾಳ ಕೂರಲಿಲ್ಲ.
ಬಯಲಲ್ಲಿ ಮೊಲ ಅಟ್ಟಲು ಹುಟ್ಟಿದ ಕಾಲುಗಳನ್ನು
ಒದ್ದೆ ಫುಟ್‌ಪಾತಿನಿಂದ ಒಂದೊಂದೇ ಎತ್ತಿ
ನೀರೆಂದರೆ ಕೆಂಡ ಅನ್ನುವ ಹಾಗೆ ಕೊಡವುತ್ತಿತ್ತು.
ಕಣ್ಣು ಮಾತ್ರ ಗೇಟಿನಲ್ಲಿ.
ತಳ್ಳುಗಾಡಿಯವನೊಬ್ಬ ಇದ್ದಿಲು ಬೀಸುತ್ತ
'ಜೋಳಾ, ಬಿಸಿ ಜೋಳಾ' ಎಂದು ಕೂಗಿದ.
ಕಿವಿ ನಿಮಿರಿತು, ಬಾಲ ಒಮ್ಮೆ ಆಡಿತು,
ತನ್ನನ್ನು ಕರೆದದ್ದಲ್ಲ ಎಂದು ತಿಳಿದು
ಮತ್ತೆ ಗೇಟು.
ಕಾಲು ಗಂಟೆಯಾಯಿತು. ಮುಕ್ಕಾಲಾಯಿತು.
ಕೊಡೆಯಲ್ಲಿ ಮುಕ್ಕಾಲು ನಾಯಿಗೆ, ಕಾಲು ನನಗೆ.
ಹೊನ್ನಯ್ಯ ತನ್ನ ಪ್ಲಾಸ್ಟಿಕ್ ಕುರ್ಚಿ ಮುಂದೆ ದೂಡಿ
'ಬರ್ತಾರೆ, ಕೂತ್ಕೊಳ್ಳಿ' ಅಂದ,
ನನಗೋ, ನಾಯಿಗೋ.

ಬಂದಳು. ಮೂಗು ಕೆಂಪಗಿತ್ತು.
ನೆಗಡಿ ಅಂದಳು.
'ಭಾಳ ಹಳೇ ಕಲ್ಲಂತ. ಅದಕ್ಕೇನೂ ಅನ್ಸೂದಿಲ್ಲ ನೋಡ.'
ಜ್ವಾಳ ಅವಳ ಹಿಮ್ಮಡಿ, ಮೊಣಕಾಲು, ಅಂಗೈ
ಒಂದೂ ಬಿಡದೆ ಮೂಸಿತು.
ಎಲ್ಲಿ ನಿಂತಳು, ಎಲ್ಲಿ ಕೂತಳು, ಎಷ್ಟು ಹೊತ್ತು,
ನಾನು ಕೇಳದೆ ಬಿಟ್ಟದ್ದನ್ನೆಲ್ಲ ಓದಿಕೊಂಡು
ಮೈ ಕೊಡವಿ
ಇಬ್ಬರನ್ನೂ ತೋಯಿಸಿತು.

'ಈಗ ನಿನ್ನ ಪಾಳಿ.'
ನನಗ್ಯಾಕೆ, ನೋಡಿದ್ದೇ ಅಲ್ವಾ ಅಂದೆ.
'ಹೋಗ ಹೋಗ' ಎಂದು ಬೆನ್ನಿಗೆ ಕೈಯಿಟ್ಟು ನೂಕಿದಳು.

ಬಂಡೆಯ ಮೇಲೆ ಯಾರೂ ಇರಲಿಲ್ಲ.
ತಗ್ಗುಗಳಲ್ಲಿ ಅಂಗೈಯಷ್ಟು ಅಂಗೈಯಷ್ಟು ನೀರು.
ಊರು ಇರಬೇಕಾದ ಕಡೆ ಬರೀ ಬಿಳುಪು.
ಏನು ಮಾಡಬೇಕೋ ತೋಚದೆ
ನಾನೂ ಚಪ್ಪಲಿ ಬಿಟ್ಟು ನಿಂತೆ.
ಕಲ್ಲು ಕೊರೆಯುತ್ತದೆ ಅಂದುಕೊಂಡಿದ್ದೆ;
ಅಷ್ಟೇನೂ ತಣ್ಣಗಿರಲಿಲ್ಲ.

ಹಿಂತಿರುಗಿದರೆ ಅವಳೂ ಹೊನ್ನಯ್ಯನೂ
ಒಂದೇ ತೆನೆಯನ್ನು ಮುರಿದು ಹಂಚಿಕೊಂಡು
ಅವನ ಊರಿನ ಬೋರ್‌ವೆಲ್ಲಿನ ಮಾತಲ್ಲಿದ್ದರು.
ಕುರ್ಚಿಯ ಮೇಲೆ ಜ್ವಾಳ,
ಮೈಮೇಲೆ ಸರ್ಕಾರಿ ರೇನ್‌ಕೋಟು.
ಇಳಿದು ಬಂದು ನನ್ನ ಪಾದವನ್ನೂ ಮೂಸಿತು, ಚೂರೇ ಹೊತ್ತು.

'ನಾಳೆ ಬೆಳಗ್ಗೆ ಐದೂವರೆಗೆ ಬನ್ನಿ' ಅಂದ ಹೊನ್ನಯ್ಯ,
ಗುಟ್ಟು ಹೇಳುವವನ ಹಾಗೆ ಬಗ್ಗಿ,
'ಪಾಳಿ ನಂದೇ. ನಾನು ಆ ಕಡೆ ನೋಡ್ತಿರ್ತೀನಿ.'

ಸೋಮವಾರ ಎಚ್ಚರವಾದಾಗ ಎಂಟೂವರೆ.
ಮಳೆ ಇನ್ನೂ ಇತ್ತು.
ಒಂದೇ ಚಾಪೆಯ ಮೇಲೆ ನಾವು, ನಡುವೆ ನಾಯಿ,
ಮನೆಯೆಲ್ಲ ಒದ್ದೆ ನಾಯಿಯ ವಾಸನೆ.
'ಅವ ನಾಳೀಗೂ ಇರ್ತಾನಿಲ್ಲೊ?'
ಕಣ್ಣು ತೆರೆಯದೆ ಕೇಳಿದಳು ರುದ್ರಾಣಿ.
ಇರ್ತಾನೆ ಅಂದೆ,
ಗೊತ್ತಿಲ್ಲದೆ.