ಊಟದ ತನಕ ಗ್ಯಾರಂಟಿ

ಮದುಮಗಳ ಮುಖಕ್ಕೆ ಬಣ್ಣ ಹಚ್ಚುವವಳು ನಾನು, ಅಂಕೋಲೆಯವಳು.
ಮೊಡವೆ, ಮಚ್ಚೆ, ರಾತ್ರಿಯಿಡೀ ಅತ್ತ ಕಣ್ಣಡಿಯ ಕಪ್ಪು,
ಚಿಕ್ಕಂದಿನಲ್ಲಿ ಬಚ್ಚಲ ಹಂಡೆ ತಾಗಿದ ಸುಟ್ಟ ಕಲೆ,
ಎಲ್ಲ ಮುಚ್ಚುತ್ತೇನೆ. ಮುಚ್ಚಿ, ಕಿವಿಯಲ್ಲಿ ಹೇಳುತ್ತೇನೆ:
ಊಟದ ತನಕ ಗ್ಯಾರಂಟಿ, ತಂಗಿ.
ಬೆವರಿದರೆ ಒತ್ತು, ಒರೆಸಬೇಡ.
ಆಮೇಲಿನದು ನಿನ್ನ ಮುಖ.

ಕಾರಿಗೆ ಮೂರು ವರ್ಷ ಕೊಟ್ಟಿದ್ದರು.
ಮೂರು ವರ್ಷ ಹತ್ತೊಂಬತ್ತು ದಿನಕ್ಕೆ
ದೇವಿಮನೆ ಘಟ್ಟದ ತಿರುವಿನಲ್ಲಿ, ಬೆಳಗಿನ ಜಾವ,
ಒಳಗೆಲ್ಲೋ ಒಂದು ಸರಪಳಿ ಹಲ್ಲು ತಪ್ಪಿತು.
ಹೆಡ್‌ಲೈಟು ಉರಿಯುತ್ತಲೇ ಇತ್ತು, ಕಾರು ಹಿಂದಕ್ಕೆ ಜಾರಿತು.
ಚಕ್ರಕ್ಕೆ ಕಲ್ಲು ಕೊಟ್ಟು
ಬಣ್ಣದ ಪೆಟ್ಟಿಗೆ ತೊಡೆಯ ಮೇಲಿಟ್ಟು ಕೂತೆ.
ಶಿರಸಿಯಲ್ಲಿ ಏಳೂ ನಲವತ್ತಕ್ಕೆ ಮುಹೂರ್ತ.
ಮೊಟ್ಟೆ ಗಾಡಿಯವ ಹತ್ತಿಸಿಕೊಂಡ. ಮುಟ್ಟುವಷ್ಟರಲ್ಲಿ
ಹುಡುಗಿ ತಾನೇ ಕಾಡಿಗೆ ತೀಡಿಕೊಂಡಿದ್ದಳು,
ಒಂದು ಕಣ್ಣಿಗೆ ಜಾಸ್ತಿ.

ಅದು ಮೊದಲಿಂದ ಹೇಳುತ್ತಲೇ ಇತ್ತು.
ಬೆಳಿಗ್ಗೆ ತಣ್ಣಗಿದ್ದಾಗ ಕೀ ತಿರುಗಿಸಿದರೆ
ಬುಟ್ಟಿಯಲ್ಲಿ ಬೆಳಚು ಅಲುಗಿದ ಹಾಗೆ, ಎರಡೇ ಕ್ಷಣ,
ಆಮೇಲೆ ಏನೂ ಇಲ್ಲ.
ವಾರಂಟಿ ಇದ್ದಾಗಲೇ ಒಯ್ದು ತೋರಿಸಿದ್ದೆ.
ಈ ಮಾಡೆಲ್ಲೇ ಹಾಗೆ ಮೇಡಂ, ಅಂದು ಚಹಾ ಕೊಟ್ಟಿದ್ದರು.

ಈಗ ಕಾರವಾರದ ಸರ್ವೀಸ್ ಸೆಂಟರಿನಲ್ಲಿ
ಕೊರಳಿಗೆ ಬಿಲ್ಲೆ ತೂಗಿಸಿಕೊಂಡ ಹುಡುಗ, ಪ್ರಜೋತ,
ಇಂಥದ್ದು ಇದೇ ಮೊದಲ ಕೇಸು ಮೇಡಂ, ಅಂದ.
ಅರವತ್ತೆಂಟು ಸಾವಿರ, ತೆರಿಗೆ ಬೇರೆ.
ಎಷ್ಟು ಚಂದ ಹಚ್ಚಿದ್ದ! ಆದರೂ
ಕಸುಬಿನವಳಿಗೆ ಗೊತ್ತಾಗುತ್ತದೆ:
ಕತ್ತಿನ ಹತ್ತಿರ ಬಣ್ಣ ಕೂಡಿರಲಿಲ್ಲ.

ಸುಂಕೇರಿಯ ಇನಾಸನ ಗ್ಯಾರೇಜಿನಲ್ಲಿ
ಬಿಸ್ಕತ್ತಿನ ಡಬ್ಬದ ತುಂಬ ಸವೆದ ಸರಪಳಿಗಳು.
ಇದು ಕೈಗಾ ಕಾಲನಿಯ ಡ್ರಿಲ್ ಮೇಷ್ಟ್ರದು.
ಇದು ಭಟ್ಕಳದ ಅತ್ತರಿನ ಸಾಹೇಬರದು,
ಮಗಳ ಹೆರಿಗೆಗೆ ಮಣಿಪಾಲಕ್ಕೆ ಹೊರಟಿದ್ದರು.
ಇದು... ಹೆಸರು ಮರೆತೆ, ಬಿಣಗಾದವರು, ಪಾಪ.
ಎಲ್ಲರದೂ ಮೊದಲ ಕೇಸು.
ಹೊಸ ಸಾಮಾನಿನ ಪೊಟ್ಟಣ ಬೆಳಕಿಗೆ ಹಿಡಿದ:
ಹಳೆಯದರ ನಂಬರಿನ ಕೊನೆಗೆ ಎ, ಇದಕ್ಕೆ ಬಿ.
ತಪ್ಪೇ ಇಲ್ಲದಿದ್ದರೆ ತಿದ್ದಿದ್ದು ಎಂತಕ್ಕೆ, ಬಾಯೆ?
ಪೊಟ್ಟಣದ ಮೇಲೆ ತಯಾರಿಸಿದ ತಾರೀಕು ಇತ್ತು.
ನನಗೆ ಚಹಾ ಕೊಟ್ಟ ದಿನಕ್ಕಿಂತ
ಎಂಟು ತಿಂಗಳು ಹಿಂದಿನದು.

ಗ್ರಾಹಕರ ಕೋರ್ಟಿಗೆ ಹೋಗು, ಅಂದರು ಎಲ್ಲರೂ.
ಲಗ್ನದ ಸೀಸನ್ನು. ದಿನಕ್ಕೆ ಎರಡು ಮುಖ.
ಬಿ-ಗೆ ದುಡ್ಡು ಸಾಲದೆ, ಇನಾಸ
ಗುಜರಿಯಿಂದ ಇನ್ನೊಂದು ಎ ಹುಡುಕಿ ಹಾಕಿದ.
ದೀಪಾವಳಿಯ ಹೊತ್ತಿಗೆ ಬೆಳಚು ಬುಟ್ಟಿಗೆ ವಾಪಸು.

ಮಾರಿಬಿಡು, ಅಂದ ಭಾವ ವಿಠೋಬ.
ನೋಡಲು ಬರುವವರಿಗಿಂತ ಮುಂಚೆ
ಅರ್ಧ ತಾಸು ಬೇಲೆಕೇರಿ ಕಡೆ ಓಡಿಸಿ ತಾ.
ಬಿಸಿ ಇಂಜಿನ್ ಬಾಯಿ ಬಿಡುವುದಿಲ್ಲ.

ಆರು ಗಂಟೆಗೆ ಕೀ ಹಿಡಿದು ಅಂಗಳಕ್ಕೆ ಇಳಿದದ್ದು ಹೌದು.
ಬಾಗಿಲು ತೆರೆದು ಒಳಗೆ ಕೂತದ್ದೂ ಹೌದು.
ಯಾರೋ ಮಕ್ಕಳು ಬಗ್ಗಿಸಿಟ್ಟ ಕನ್ನಡಿಯಲ್ಲಿ
ನನ್ನ ಕತ್ತು ಮಾತ್ರ ಕಾಣುತ್ತಿತ್ತು.

ಹಳದೀಪುರದ ನಾಗವೇಣಿ, ನರ್ಸು,
ಕುಮಟೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿಳಿದು ಬಂದಳು.
ಇನ್ನೂ ಬಿಳಿ ಬೂಟು. ಏಳು ವರ್ಷದ ಉಳಿತಾಯವಂತೆ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು,
ಜ್ವರ ನೋಡುವ ಹಾಗೆ.
ತಣ್ಣಗಿತ್ತು.

ಕೀ ಅವಳ ಕೈಗೇ ಕೊಟ್ಟೆ.
ನೀನೇ ತಿರುಗಿಸು, ಅಂದೆ. ತಿರುಗಿಸಿ
ಎರಡು ಕ್ಷಣ ಏನೂ ಮಾತಾಡಬೇಡ.